ಎತ್ತಿಟ್ಟ ಗಂಟು: ದುರ್ಗಿಗುಡಿಯ ಒಂದು ಮಕ್ಕಳ ಸಾಮಾನಿನ ಅಂಗಡಿ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬಟ್ಟೆ ಅಂಗಡಿಗಳ ಸಾಲನ್ನು ಬಿಟ್ಟು ಒಳಕ್ಕೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ, ಔಷಧಿ ಅಂಗಡಿಗೂ ಹೊಲಿಗೆ ಯಂತ್ರ ರಿಪೇರಿಯವರ ಮಳಿಗೆಗೂ ನಡುವೆ, ಹತ್ತು ಅಡಿ ಅಗಲದ ಒಂದು ಮಕ್ಕಳ ಸಾಮಾನಿನ ಅಂಗಡಿ ಇದೆ. ಮಗಳ ಬಾಣಂತನದ ಕಾರಣದಿಂದ 2025ರ ಜೂನ್ ತಿಂಗಳಿನಿಂದ ಡಿಸೆಂಬರ್‌ವರೆಗೆ ನಾನು ಅಲ್ಲಿಗೆ ಹದಿನಾಲ್ಕು ಸಲ ಹೋಗಿದ್ದೇನೆ. ಮೂವತ್ತೊಂದು ವರ್ಷ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದವನಾದ್ದರಿಂದ, ಯಾವ ಅಂಗಡಿಗೆ ಹೋದರೂ ಸಾಮಾನಿಗಿಂತ ಮೊದಲು ಗಲ್ಲಾದ ಹಿಂದೆ ಏನು ನಡೆಯುತ್ತಿದೆ ಎಂದು ನೋಡುವ ಚಾಳಿ ನನಗಿನ್ನೂ ಹೋಗಿಲ್ಲ. ಹಾಗಾಗಿ ಇಲ್ಲಿ ಲಂಗೋಟಿ ತೊಟ್ಟಿಲುಗಳ ಗುಣದೋಷದ ಜೊತೆಗೆ, ಕೈಗೆ ಕಾಸು ಯಾವಾಗ ಬರುತ್ತದೆಂದು ಯಾರಿಗೂ ಖಾತ್ರಿಯಿಲ್ಲದ ಈ ಕಾಲದಲ್ಲಿ ಇಷ್ಟು ಚಿಕ್ಕ ಅಂಗಡಿಯೊಂದು ಹೇಗೆ ಬಾಗಿಲು ತೆರೆದುಕೊಂಡಿದೆ ಎಂಬ ವಿಚಾರವೂ ಬರುತ್ತದೆ.

ಹೆಸರು ಹಾಕಬೇಡಿ ಎಂದು ಅಂಗಡಿಯ ಒಡತಿ ಕೇಳಿಕೊಂಡಿದ್ದಾರೆ. ಹೆಸರು ಬಂದರೆ ಜನ ಬಂದು, ‘ನಿಮ್ಮ ಬಗ್ಗೆ ಬರೆದಿದ್ದಾರಲ್ಲ, ಇನ್ನೊಂದು ಹತ್ತು ರೂಪಾಯಿ ಬಿಡಿ’ ಎನ್ನುತ್ತಾರೆ ಎಂಬುದು ಅವರ ಭಯ. ಹುಡುಕುವವರಿಗೆ ಗುರುತು ಇಷ್ಟು: ಬಾಗಿಲಿಗೆ ಅಡ್ಡವಾಗಿ ಕಟ್ಟಿದ ಹಗ್ಗದ ಮೇಲೆ ಮಳೆಗಾಲವಿಡೀ ಎರಡು ಲಂಗೋಟಿಗಳು ತೂಗಾಡುತ್ತಿರುತ್ತವೆ.

ನಮ್ಮೂರು ಮಂಡಗದ್ದೆಯ ಹತ್ತಿರ. ತೀರ್ಥಹಳ್ಳಿ ರಸ್ತೆಯ ಬಸ್ಸು ಹಿಡಿದು ನಾನೂ ನನ್ನ ಹೆಂಡತಿಯೂ ಮೊದಲ ಸಲ ಆ ಅಂಗಡಿಗೆ ಹೋದಾಗ ನಮ್ಮ ಕೈಯಲ್ಲಿ ಮಗಳು ಬೆಂಗಳೂರಿನಿಂದ ಫೋನಿನಲ್ಲಿ ಕಳಿಸಿದ 34 ಸಾಮಾನುಗಳ ಪಟ್ಟಿ ಇತ್ತು. ಅದನ್ನು ನಾನು ಕಾಗದದ ಮೇಲೆ ಇಳಿಸಿಕೊಂಡಿದ್ದೆ. ಒಡತಿ ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು 13 ಸಾಲುಗಳನ್ನು ಹೊಡೆದು ಹಾಕಿದರು. ಬಾಟಲಿ ಬಿಸಿ ಮಾಡುವ ಯಂತ್ರ ಹೋಯಿತು, ಬೂಟು ಹೋಯಿತು, ತಲೆದಿಂಬು ಹೋಯಿತು, ವಾಕರ್ ಹೋಯಿತು. ವಾಕರ್ ಬಗ್ಗೆ ನನಗೂ ಗೊತ್ತಿತ್ತು. ಮಕ್ಕಳು ಅದರ ಸಮೇತ ಮೆಟ್ಟಿಲಿಂದ ಉರುಳುತ್ತವೆಂದು ಕೆನಡಾ ದೇಶ 2004ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿದೆ. ಆದರೆ ಅಂಗಡಿಯವರೇ ತಮ್ಮ ಮಾಲನ್ನು ಹೀಗೆ ಹೊಡೆದು ಹಾಕುವುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ‘ಅಮ್ಮಾ, ಉಳಿದದ್ದೂ ಈಗಲೇ ಬ್ಯಾಡ. ಮಗು ಹುಟ್ಟಲಿ, ಎಷ್ಟು ತೂಕ ಇದೆ ಅಂತ ಗೊತ್ತಾಗಲಿ. ಹೊಸ ಮಗುವಿನ ಅಳತೆ ಒಂದು ತಿಂಗಳೂ ಬರೋದಿಲ್ಲ’ ಎಂದು ನನ್ನ ಹೆಂಡತಿಗೆ ಹೇಳಿದರು.

ಇದು ಬರಿಯ ಒಳ್ಳೆಯತನವಲ್ಲ, ಲೆಕ್ಕವೂ ಹೌದು ಎಂಬುದು ಮೂರನೆಯ ಭೇಟಿಯ ಹೊತ್ತಿಗೆ ನನಗೆ ತಿಳಿಯಿತು. ಮಕ್ಕಳ ಬಟ್ಟೆಯ ವ್ಯಾಪಾರದಲ್ಲಿ ಬಂಡವಾಳವನ್ನು ನುಂಗುವುದು ಬೆಲೆಯಲ್ಲ, ಅಳತೆ. ಸೀರೆಗೆ ಅಳತೆಯಿಲ್ಲ, ಅಂಗಿಗೆ ನಾಲ್ಕೈದು ಅಳತೆ ಇದ್ದರೂ ಇವತ್ತು ಮಾರದ್ದು ಮುಂದಿನ ವರ್ಷ ಮಾರುತ್ತದೆ. ಮಗುವಿನ ಜಬಲಾ ಹಾಗಲ್ಲ. ಹುಟ್ಟಿದ ಮಗುವಿಗೊಂದು, ಮೂರು ತಿಂಗಳಿಗೊಂದು, ಆರಕ್ಕೊಂದು, ವರ್ಷಕ್ಕೊಂದು, ಒಂದೂವರೆಗೊಂದು ಎಂದು ಒಂದೇ ನಮೂನೆಗೆ ಐದು ಅಳತೆ, ಪ್ರತಿಯೊಂದರಲ್ಲಿ ಎರಡು ಬಣ್ಣ. ಅಂದರೆ ಕಪಾಟಿನಲ್ಲಿ ಒಂದು ಹೊಸ ನಮೂನೆ ತೋರಿಸಬೇಕೆಂದರೆ ಕನಿಷ್ಠ ಹತ್ತು ತುಂಡು ತರಬೇಕು. ಅದರಲ್ಲಿ ಆರು ಹೋಗಿ ನಾಲ್ಕು ಉಳಿದರೆ, ಲಾಭ ಇದ್ದದ್ದು ಆ ನಾಲ್ಕರಲ್ಲಿಯೇ. ಇಂಥ ಉಳಿಕೆ ಮಾಲು ಎರಡು ವರ್ಷ ಪೇರಿಸಿಕೊಂಡರೆ ಅಂಗಡಿ ತುಂಬಿರುವ ಹಾಗೆ ಕಾಣುತ್ತದೆ, ಗಲ್ಲಾ ಖಾಲಿ ಇರುತ್ತದೆ. ಈಕೆ ನಮೂನೆಗಳನ್ನು ಏಳಕ್ಕೆ ಇಳಿಸಿ ಅಳತೆಗಳನ್ನು ಪೂರ್ತಿ ಇಟ್ಟಿದ್ದಾರೆ. ಬೆಂಗಳೂರಿನ ಚಿಕ್ಕಪೇಟೆಯಿಂದ ವರ್ಷಕ್ಕೆರಡು ಸಲ ಮೂಟೆಗಟ್ಟಲೆ ತರುವ ಹಳೆಯ ಕ್ರಮವನ್ನು ಕೈಬಿಟ್ಟು, ಮೂರು ವಾರಕ್ಕೊಮ್ಮೆ ಬಸ್ಸಿನ ಪಾರ್ಸೆಲ್‌ನಲ್ಲಿ ಬೇಕಾದಷ್ಟನ್ನೇ ತರಿಸುತ್ತಾರೆ. ತುಂಡಿಗೆ ನಾಲ್ಕೈದು ರೂಪಾಯಿ ಹೆಚ್ಚು ಬೀಳುತ್ತದೆ, ಪಾರ್ಸೆಲ್ ಖರ್ಚು ಬೇರೆ. ಆದರೂ ದುಡ್ಡು ಕಪಾಟಿನಲ್ಲಿ ಕೊಳೆಯುವುದಿಲ್ಲ. ನಮ್ಮ ಸಂಘದ ಆಡಳಿತ ಮಂಡಳಿಗೆ ಗೊಬ್ಬರದ ದಾಸ್ತಾನಿನ ವಿಷಯದಲ್ಲಿ ಇದೇ ಮಾತನ್ನು ನಾನು ಹತ್ತು ವರ್ಷ ಹೇಳಿದ್ದೆ. ಯಾರೂ ಕೇಳಲಿಲ್ಲ, ಇರಲಿ.

ಗಿರಾಕಿಗೆ ಇದರಿಂದ ಆಗುವ ತೊಂದರೆಯನ್ನೂ ಹೇಳಬೇಕು. ನಾಮಕರಣಕ್ಕೆ ಜರಿ ಅಂಚಿನ ಲಂಗ ಬೇಕೆಂದೋ, ಕಣ್ಣು ಕುಕ್ಕುವ ಫ್ರಾಕು ಬೇಕೆಂದೋ ಇಲ್ಲಿಗೆ ಹೋಗಬಾರದು. ಏಳು ನಮೂನೆಗಳಲ್ಲಿ ಐದು ಒಂದನ್ನೊಂದು ಹೋಲುತ್ತವೆ, ಬಣ್ಣಗಳು ತಿಳಿಹಳದಿ ಮತ್ತು ಬಿಳಿ. ನನ್ನ ಹೆಂಡತಿ ನಾಮಕರಣದ ಬಟ್ಟೆಗೆ ನೆಹರೂ ರಸ್ತೆಗೇ ಹೋದಳು.

ಈ ಅಂಗಡಿಯ ಸೇವೆಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಎತ್ತಿಡುವ ಪದ್ಧತಿ. ನಮ್ಮ ಕಡೆ ಹುಟ್ಟುವ ಮೊದಲು ಮಗುವಿಗೆಂದು ಹೊಸ ಬಟ್ಟೆ ತಂದು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಮೊದಲು ಮೈಗೆ ತಾಗುವುದು ಅಜ್ಜನ ಹಳೆಯ ಪಂಚೆಯೋ ಅಜ್ಜಿಯ ಹಳೆಯ ನೂಲಿನ ಸೀರೆಯೋ ಆಗಬೇಕು. ಆದರೆ ಹೆರಿಗೆ ನೋವು ಕಾಣಿಸಿಕೊಂಡ ರಾತ್ರಿ ರಬ್ಬರ್ ಶೀಟು ಎಲ್ಲಿ, ಸೊಳ್ಳೆ ಪರದೆ ಎಲ್ಲಿ ಎಂದು ಓಡಾಡುವ ಫಜೀತಿ ಎಲ್ಲ ಮನೆಯಲ್ಲೂ ಆಗಿದೆ. ಈಕೆ ಬೇಕಾದ ಸಾಮಾನುಗಳನ್ನು ಗಿರಾಕಿಯ ಮುಂದೆಯೇ ಆರಿಸಿ, ಒಂದು ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಮೇಲಿನ ಅಟ್ಟದಲ್ಲಿ ಇಡುತ್ತಾರೆ. ಮುಂಗಡ ತೆಗೆದುಕೊಳ್ಳುವುದಿಲ್ಲ. ಗಂಟಿನ ಮೇಲೆ ಚೀಟಿ ಅಂಟಿಸುತ್ತಾರೆ, ಅದರಲ್ಲಿ ಹೆಸರು ಬರೆಯುವುದಿಲ್ಲ, ತಿಂಗಳು ಮತ್ತು ಊರಿನ ದಾರಿ ಮಾತ್ರ: ‘ಆಷಾಢ, ತೀರ್ಥಹಳ್ಳಿ ರಸ್ತೆ’. ಆಸ್ಪತ್ರೆಯಿಂದ ಒಂದು ಫೋನ್ ಮಾಡಿದರೆ ಗಂಟು ಬರುತ್ತದೆ. ಊರೊಳಗಿನ ಆಸ್ಪತ್ರೆಗಳಿಗೆ ಮುಕ್ಕಾಲು ಗಂಟೆಯೊಳಗೆ ಅಂಗಡಿಯ ಹುಡುಗ ತಂದುಕೊಡುತ್ತಾನೆ, ದುಡ್ಡು ಆಮೇಲೆ. ಜುಲೈ ತಿಂಗಳ ಒಂದು ಬೆಳಗಿನ ಜಾವ ನಮ್ಮ ಮೊಮ್ಮಗಳು ಹುಟ್ಟಿದಾಗ ನಾನು ಏಳು ಗಂಟೆಗೆ ಫೋನ್ ಮಾಡಿದೆ, ಏಳೂ ಮುಕ್ಕಾಲಿಗೆ ಗಂಟು ವಾರ್ಡಿನ ಬಾಗಿಲಲ್ಲಿತ್ತು. ಒಳಗಿದ್ದ ಬಟ್ಟೆಗಳನ್ನು ಒಂದು ಸಲ ಒಗೆದು ಒಣಗಿಸಿ ಮಡಿಚಿ ಇಟ್ಟಿದ್ದರು, ಗಂಜಿಯ ಒರಟು ಇರಲಿಲ್ಲ.

ಆ ಅಟ್ಟದಲ್ಲಿ ಒಂದು ಹೊತ್ತಿಗೆ ಇಪ್ಪತ್ತು ಗಂಟಾದರೂ ಇರುತ್ತವೆ. ಪ್ರತಿ ಗಂಟಿನಲ್ಲಿ ಎರಡು ಸಾವಿರ ರೂಪಾಯಿ ಎಂದಿಟ್ಟುಕೊಂಡರೂ 40,000 ರೂಪಾಯಿ ಬಡ್ಡಿಯಿಲ್ಲದೆ ಮೇಲೆ ಕುಳಿತಿದೆ. ಮುಂಗಡ ಕೇಳಬಾರದೇ ಎಂದೆ. ‘ಅಣ್ಣಾ, ಮುಂಗಡ ಕೊಟ್ಟವರು ಹತ್ತು ದಿನಕ್ಕೊಂದು ಸಲ ಬಂದು ಬದಲಾಯಿಸ್ತಾರೆ. ಕೊಡದೇ ಇದ್ದವರು ಸುಮ್ಮನಿರ್ತಾರೆ’ ಎಂದರು. ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ಗಂಟು ಒಯ್ದ ಮನೆಯವರು ಮುಂದಿನ ಒಂದು ವರ್ಷ ಬೇರೆ ಅಂಗಡಿಯ ಮೆಟ್ಟಿಲು ಹತ್ತುವುದು ಕಡಿಮೆ ಎಂಬುದಕ್ಕೆ ನಾನೇ ಸಾಕ್ಷಿ.

ಇನ್ನು ಬಾಗಿಲಿನ ಆ ಎರಡು ಲಂಗೋಟಿಗಳ ವಿಷಯ. ಮಲೆನಾಡಿನ ಬಾಣಂತಿ ಮನೆಯ ನಿಜವಾದ ಶತ್ರು ಸೊಳ್ಳೆಯಲ್ಲ, ಶೀತವಲ್ಲ, ಒಣಗದ ಬಟ್ಟೆ. ಜುಲೈನಲ್ಲಿ ಹುಟ್ಟಿದ ಮಗು ದಿನಕ್ಕೆ ಹದಿನೈದು ಲಂಗೋಟಿ ಒದ್ದೆ ಮಾಡಿದರೆ, ಮೂರು ದಿನ ಬಿಸಿಲು ಕಾಣದ ಮನೆಯಲ್ಲಿ ನಲವತ್ತೈದು ಲಂಗೋಟಿ ತೂಗಾಡುತ್ತಿರುತ್ತವೆ. ಬಚ್ಚಲೊಲೆಯ ಮೇಲೆ ಬಿದಿರ ಗಳ ಕಟ್ಟಿ ಹರವಿದರೆ ಒಣಗುತ್ತವೆ, ಹೊಗೆಯ ಘಾಟು ಮಾತ್ರ ಹೋಗುವುದಿಲ್ಲ. ಗ್ಯಾಸ್ ಗೀಸರ್ ಹಾಕಿಸಿ ಒಲೆ ತೆಗೆಸಿದ ಮನೆಗಳಿಗೆ ಆ ಭಾಗ್ಯವೂ ಇಲ್ಲ. ದೊಡ್ಡ ಅಂಗಡಿಗಳಲ್ಲಿ ಈಗ ನಾಲ್ಕೈದು ಪದರ ಕೂಡಿಸಿ ಹೊಲಿದ ದಪ್ಪನೆಯ ಬಟ್ಟೆಯ ಡಯಾಪರ್ ಬಂದಿದೆ, ನೋಡಲು ಚೆನ್ನಾಗಿದೆ, ಬಯಲುಸೀಮೆಯಲ್ಲಿ ಉಪಯೋಗಕ್ಕೂ ಬರಬಹುದು. ಈಕೆ ಅಂಥದ್ದೊಂದನ್ನು ಮತ್ತು ತಾವು ಮಾರುವ ತೆಳು ಮಲ್ಮಲ್ ಲಂಗೋಟಿಯೊಂದನ್ನು ಪ್ರತಿದಿನ ಬೆಳಿಗ್ಗೆ ಒಂದೇ ಬಕೆಟ್ಟಿನಲ್ಲಿ ಅದ್ದಿ ಹಿಂಡಿ ಹಗ್ಗಕ್ಕೆ ಹಾಕುತ್ತಾರೆ. ನಾನು ಒಂದು ಜಡಿಮಳೆಯ ದಿನ ಹನ್ನೊಂದಕ್ಕೆ ಹೋದಾಗ ಎರಡರಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಸಂಜೆ ಐದಕ್ಕೆ ಮತ್ತೆ ಹೋಗಿ ಮುಟ್ಟಿ ನೋಡಿದೆ. ಮಲ್ಮಲ್ ಲಂಗೋಟಿ ಅಂಚಿನ ಹೊಲಿಗೆಯಲ್ಲಿ ಮಾತ್ರ ತಣ್ಣಗಿತ್ತು. ದಪ್ಪನೆಯದರ ಒಳಪದರವನ್ನು ಬೆರಳಲ್ಲಿ ಒತ್ತಿದರೆ ಉಗುರಿನ ಸುತ್ತ ನೀರು ಜಿನುಗಿತು. ಇದಕ್ಕಿಂತ ಪ್ರಾಮಾಣಿಕವಾದ ಜಾಹೀರಾತನ್ನು ನಾನು ನೋಡಿಲ್ಲ. ಅರ್ಧ ಡಜನ್ ಮಲ್ಮಲ್ ಲಂಗೋಟಿಗೆ 270 ರೂಪಾಯಿ. ನಾವು ಐದು ಕಟ್ಟು ಕೊಂಡೆವು, ಐದು ತಿಂಗಳ ಒಗೆತದಲ್ಲಿ ಎರಡು ಮಾತ್ರ ಹರಿದವು.

ಕಂಪನಿಯ ಡಯಾಪರ್‌ಗಳನ್ನು ಈಕೆ ಬಿಡಿಯಾಗಿಯೂ ಮಾರುತ್ತಾರೆ. ಮಳೆಗಾಲದಲ್ಲಿ ಕೈ ಬಿಗಿಯಾದಾಗ ಜನ ಐದೈದೇ ತುಂಡು ಕೇಳುತ್ತಾರೆ, ಇಡೀ ಕಟ್ಟು ಕೊಳ್ಳುವವರು ಕಡಿಮೆ ಎಂಬುದು ಅವರ ಸಮಜಾಯಿಷಿ. ಕೊಳ್ಳುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಒಡೆದ ಕಟ್ಟು ಗಲ್ಲಾದ ಪಕ್ಕದಲ್ಲಿ ಬಾಯಿ ತೆರೆದು ಕುಳಿತಿರುವುದು, ರೂಪಾಯಿ ನೋಟು ಎಣಿಸಿದ ಕೈಯಲ್ಲಿಯೇ ಅದನ್ನು ಎಣಿಸಿ ಕೊಡುವುದು ಸರಿಯಲ್ಲ. ಎರಡು ಸಲ ಹೇಳಿದೆ. ಎರಡನೆಯ ಸಲ ಒಂದು ಮುಚ್ಚಳದ ಡಬ್ಬಿ ಬಂದಿತ್ತು, ಮುಚ್ಚಳ ಪಕ್ಕದಲ್ಲಿತ್ತು.

ತೊಟ್ಟಿಲನ್ನು ಇಲ್ಲಿ ಬಾಡಿಗೆಗೂ ಕೊಡುತ್ತಾರೆ. ಹಿಂದೆ ಪ್ರತಿ ಮನೆಯಲ್ಲೂ ತೊಲೆಗೆ ಕೊಂಡಿ ಇರುತ್ತಿತ್ತು, ಅಟ್ಟದಲ್ಲಿ ಮೂರು ತಲೆಮಾರಿನ ತೊಟ್ಟಿಲಿರುತ್ತಿತ್ತು. ನಮ್ಮದನ್ನು ಪಾಲಾದಾಗ ಅಣ್ಣ ಒಯ್ದ, ನಮ್ಮ ಹೊಸ ಮನೆಯ ತಾರಸಿಗೆ ಕೊಂಡಿ ಬಿಡಿಸಲು ನಾನು ಮರೆತೆ. ಮಗು ತವರಿನಲ್ಲಿರುವುದು ಐದು ತಿಂಗಳು. ಅಷ್ಟಕ್ಕೆ ಏಳೆಂಟು ಸಾವಿರ ಕೊಟ್ಟು ತೊಟ್ಟಿಲು ಕೊಂಡು, ಆಮೇಲೆ ಅದರಲ್ಲಿ ಒಗೆದ ಬಟ್ಟೆ ಗುಡ್ಡೆ ಹಾಕುವುದಕ್ಕಿಂತ, 1,500 ರೂಪಾಯಿ ಠೇವಣಿ ಇಟ್ಟು ತಿಂಗಳಿಗೆ 250 ರೂಪಾಯಿ ಬಾಡಿಗೆ ಕೊಡುವುದು ನಮಗೆ ಸರಿ ಎನಿಸಿತು. ಅಂಗಡಿಯಲ್ಲಿ ಇಂಥ ಒಂಬತ್ತು ಮರದ ತೊಟ್ಟಿಲುಗಳಿವೆ. ಹೊಸ ಮಾಲು ಮಾರುವುದು ನಿಂತ ತಿಂಗಳಲ್ಲಿಯೂ ಆ ಒಂಬತ್ತರಿಂದ ಬರುವ ಬಾಡಿಗೆಯಲ್ಲಿ ಅಂಗಡಿಯ ಕರೆಂಟ್ ಬಿಲ್ಲು, ಹುಡುಗನ ಸಂಬಳದ ಒಂದು ಪಾಲು ಹೊರಡುತ್ತದೆ ಎಂದು ಒಡತಿ ಹೇಳಿದರು.

ನಮಗೆ ಬಂದ ತೊಟ್ಟಿಲಿನ ಬಲಬದಿಯ ಗೂಟ ಸಡಿಲವಾಗಿತ್ತು. ತೂಗಿದಾಗಲೆಲ್ಲ ಬಾವಿಯ ರಾಟೆಯ ಹಾಗೆ ಕಿರುಗುಟ್ಟಿ, ನಿದ್ದೆ ಹತ್ತಿದ ಮಗುವನ್ನು ಎಬ್ಬಿಸುತ್ತಿತ್ತು. ಫೋನ್ ಮಾಡಿದರೆ ಇವತ್ತು ಬಡಗಿ ಬರುತ್ತಾರೆ, ನಾಳೆ ಬರುತ್ತಾರೆ ಎಂದು ನಾಲ್ಕು ದಿನ ಕಳೆದರು. ಬಂದ ಬಡಗಿ ಐದು ನಿಮಿಷದಲ್ಲಿ ಗೂಟಕ್ಕೆ ಸೋಪು ಸವರಿ ಬಿಗಿ ಮಾಡಿದರು. ಈ ಕೆಲಸವನ್ನು ಕೊಡುವ ಮೊದಲೇ ಮಾಡಬೇಕಿತ್ತು.

ಹಾಗೆಂದು ಇದಕ್ಕಿಂತ ಆಧುನಿಕವಾದದ್ದು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಅಳಿಯಂದಿರು ಮೊಬೈಲಿನಲ್ಲಿ ಆರ್ಡರ್ ಮಾಡಿ ತನ್ನಷ್ಟಕ್ಕೇ ತೂಗುವ, ಹಾಡು ಹಾಡುವ ವಿದ್ಯುತ್ ತೊಟ್ಟಿಲೊಂದನ್ನು ಕಳಿಸಿದ್ದರು. ಅದು ಮನೆ ತಲುಪಿದ ದಿನ ರಾತ್ರಿ ಮರ ಬಿದ್ದು ಕರೆಂಟು ಹೋಯಿತು, ಎರಡು ದಿನ ಬರಲಿಲ್ಲ. ಬಂದ ಮೇಲೆ ತೂಗಿತು, ಹಾಡು ನಿಲ್ಲಿಸಲು ಆಗಲಿಲ್ಲ. ವಾಪಸ್ ಕಳಿಸಲು ಪ್ರಯತ್ನಿಸಿದಾಗ ನಮ್ಮ ಪಿನ್‌ಕೋಡಿನಿಂದ ಮರಳಿ ಒಯ್ಯುವ ಸೌಲಭ್ಯವಿಲ್ಲ ಎಂಬ ಉತ್ತರ ಬಂತು. ತಂದುಕೊಡುವಾಗ ಅದೇ ಪಿನ್‌ಕೋಡು ಇತ್ತಲ್ಲ ಎಂದು ನನ್ನ ಹೆಂಡತಿ ಇನ್ನೂ ಕೇಳುತ್ತಿದ್ದಾಳೆ.

ಆಟಿಕೆಗಳ ಕಪಾಟು ಚಿಕ್ಕದು, ಅದರ ಹಿಂದಿನ ಕತೆ ದೊಡ್ಡದು. 2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಅದಕ್ಕೂ ಮೊದಲೇ, 2020ರಲ್ಲಿ, ಹೊರದೇಶದ ಆಟಿಕೆಗಳ ಆಮದು ಸುಂಕವನ್ನು ಶೇ. 20ರಿಂದ ಶೇ. 60ಕ್ಕೆ ಏರಿಸಲಾಗಿತ್ತು, 2023ರಲ್ಲಿ ಅದು ಶೇ. 70 ಆಯಿತು. ಲಾಕ್‌ಡೌನ್ ಮುಗಿದು ಮೈ ಕೊಡವಿಕೊಂಡು ಏಳುವ ಹೊತ್ತಿಗೆ ಈಕೆಯ ಬಳಿ ಗುರುತಿಲ್ಲದ ಚೀನಾ ಆಟಿಕೆಗಳ ಮೂರು ರಟ್ಟಿನ ಪೆಟ್ಟಿಗೆಗಳು ಉಳಿದಿದ್ದವು. ಮಾರಿದರೆ ಅಪರಾಧ, ಕೊಟ್ಟವರು ವಾಪಸ್ ತೆಗೆದುಕೊಳ್ಳರು. ಆ ಪೆಟ್ಟಿಗೆಗಳು ಇವತ್ತಿಗೂ ಅಟ್ಟದಲ್ಲಿ ಗಂಟುಗಳ ಹಿಂದೆ ಇವೆ. ಈಗ ಕಪಾಟಿನಲ್ಲಿರುವುದು ಐಎಸ್‌ಐ ಗುರುತಿನ ಕೆಲವು ಪ್ಲಾಸ್ಟಿಕ್ ಆಟಿಕೆ, ಉಳಿದಂತೆ ಚನ್ನಪಟ್ಟಣದ್ದು. ಇವುಗಳ ಹಾಗೆ ಭೌಗೋಳಿಕ ಗುರುತು, ಅಂದರೆ ಒಂದು ಊರಿನ ವಿಶಿಷ್ಟ ಉತ್ಪನ್ನವೆಂಬ ಮಾನ್ಯತೆ, ಪಡೆದ ಆಟಿಕೆಗಳಿಗೆ ಆ ಆದೇಶದಿಂದ ವಿನಾಯಿತಿ ಇದೆ. ಆಲೆ ಮರವನ್ನು ಕಡೆದು, ತಿರುಗುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿದು, ಆ ಬಿಸಿಗೆ ಕರಗಿ ಅಂಟಿಕೊಳ್ಳುವಂತೆ ಮಾಡಿದ ಗಿಲಕಿಯೊಂದನ್ನು 180 ರೂಪಾಯಿಗೆ ತಂದೆವು. ಮೊಮ್ಮಗಳು ಅದನ್ನು ನಾಲ್ಕನೇ ತಿಂಗಳಿನಿಂದ ಚೀಪುತ್ತಿದ್ದಾಳೆ, ಕೆಂಪು ಇನ್ನೂ ಕೆಂಪಾಗಿಯೇ ಇದೆ.

ಹಾಲಿನ ಬಾಟಲಿಗಳನ್ನು ಇಲ್ಲಿ ಹೊರಗೆ ಸಾಲಾಗಿ ಇಟ್ಟಿಲ್ಲ, ಕೇಳಿದರೆ ಕಪಾಟಿನ ಒಳಗಿನಿಂದ ತೆಗೆಯುತ್ತಾರೆ. 1992ರ ಕಾಯ್ದೆಯ ಪ್ರಕಾರ ಶಿಶು ಹಾಲಿನ ಪುಡಿಗೂ ಹಾಲೂಡಿಸುವ ಬಾಟಲಿಗೂ ಜಾಹೀರಾತು ಹಾಕುವಂತಿಲ್ಲ, ಮಾರಾಟ ಹೆಚ್ಚಿಸಲು ಉಡುಗೊರೆ ಆಮಿಷ ಒಡ್ಡುವಂತಿಲ್ಲ. ಈ ಕಾಯ್ದೆಯ ಗಂಧವೂ ಇಲ್ಲದಂತೆ ‘ಬಾಟಲಿ ಕೊಂಡರೆ ಬ್ರಷ್ ಉಚಿತ’ ಎಂದು ಬರೆದ ಅಂಗಡಿಗಳನ್ನು ನಾನೇ ನೋಡಿದ್ದೇನೆ. ಇಲ್ಲಿ ಬಾಟಲಿ ಕೇಳಿದವರಿಗೆ ಮೊದಲು ಸ್ಟೀಲಿನ ಒಳಲೆಯನ್ನು, ಅಂದರೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲನ್ನು, ತೋರಿಸುತ್ತಾರೆ. ತೊಳೆಯುವುದು ಸುಲಭ, ಬೆಲೆಯೂ ಅರ್ಧ.

2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನ, ಜಿಎಸ್‌ಟಿ ದರಗಳು ಬದಲಾದವು. ಹಾಲಿನ ಬಾಟಲಿ, ಮಕ್ಕಳ ಡಯಾಪರ್, ವಿದ್ಯುತ್ತಿನಿಂದ ನಡೆಯದ ಆಟಿಕೆ ಇವೆಲ್ಲ ಶೇ. 12ರಿಂದ ಶೇ. 5ಕ್ಕೆ ಇಳಿದವು. ಟಿವಿ ನೋಡಿದ ಜನ ಮರುದಿನವೇ ಬಂದು ಎಲ್ಲದರ ಮೇಲೂ ಇಳಿಕೆ ಕೇಳಿದರು, ಜಬಲಾದ ಮೇಲೂ ಕೇಳಿದರು. ಆದರೆ 1,000 ರೂಪಾಯಿಯೊಳಗಿನ ಸಿದ್ಧ ಉಡುಪಿಗೆ ಮೊದಲೂ ಶೇ. 5, ಈಗಲೂ ಶೇ. 5. ಇಳಿದ ಸಾಮಾನುಗಳಲ್ಲಿಯೂ ಈಕೆಗೆ ಒಂದು ಸಂಕಟವಿತ್ತು. ಅದು ಅವರ ಬಿಲ್ಲಿನ ತಲೆಬರಹದಲ್ಲಿಯೇ ಇತ್ತು. ಕಾಂಪೊಸಿಷನ್ ಪದ್ಧತಿಯ ವ್ಯಾಪಾರಿ, ತೆರಿಗೆ ವಸೂಲಿಗೆ ಅರ್ಹರಲ್ಲ ಎಂಬ ಸಾಲನ್ನು ಓದುವ ಗಿರಾಕಿ ಬಹುಶಃ ನಾನೊಬ್ಬನೇ ಇರಬೇಕು. ವರ್ಷಕ್ಕೆ 1.5 ಕೋಟಿ ರೂಪಾಯಿ ಮೀರದ ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಶೇ. 1 ಕಟ್ಟಿದರೆ ಸಾಕು ಎಂಬುದು ಆ ಪದ್ಧತಿಯ ಸುಖ. ಮಾಲು ಕೊಳ್ಳುವಾಗ ತಾವು ಕೊಟ್ಟ ತೆರಿಗೆ ವಾಪಸ್ ಸಿಗುವುದಿಲ್ಲ ಎಂಬುದು ಅದರ ದುಃಖ. ಹೀಗಾಗಿ ಶೇ. 12 ಕೊಟ್ಟು ತಂದು ಕಪಾಟಿನಲ್ಲಿಟ್ಟ ಹಳೆಯ ಮಾಲನ್ನು ಹೊಸ ದರದಲ್ಲಿ ಮಾರಿದಾಗ, ಆ ವ್ಯತ್ಯಾಸ ಅವರ ಕೈಯಿಂದಲೇ ಹೋಯಿತು. ಮೂರು ವಾರಕ್ಕೊಮ್ಮೆ ತರಿಸುವ ಅಭ್ಯಾಸ ಇಲ್ಲಿ ಅವರನ್ನು ಉಳಿಸಿತು, ಹಳೆಯ ಮಾಲು ಹೆಚ್ಚಿರಲಿಲ್ಲ. ಗೋಡೆಯ ಮೇಲೆ ಕೈಬರಹದಲ್ಲಿ ಯಾವುದು ಇಳಿದಿದೆ, ಯಾವುದು ಇಳಿದಿಲ್ಲ ಎಂದು ಬರೆದು ಅಂಟಿಸಿದ್ದರು. ನಾನು ಅದರಲ್ಲಿ ಎರಡು ಕಾಗುಣಿತ ತಿದ್ದಿದೆ.

ಅದೇ ವರ್ಷದ ಜುಲೈನಲ್ಲಿ, ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳವರು ಕ್ಯೂಆರ್ ಕೋಡ್ ಕಿತ್ತು ನಗದು ಮಾತ್ರ ಎಂದು ಬರೆದರು. ಆ ಗಾಬರಿ ಇಲ್ಲಿಯವರೆಗೂ ಬಂದಿತ್ತು. ಈಕೆ ಮಾತ್ರ ಕಿತ್ತು ಹಾಕಲಿಲ್ಲ. ನೋಂದಣಿ ಇದೆ, ಬಿಲ್ಲು ಇದೆ, ಕೀಳುವುದೇಕೆ ಎಂದರು. ಸರಿಯಾದ ಮಾತು.

ಅದಾದ ಮೇಲೆ ಆಗಸ್ಟ್‌ನಲ್ಲಿ ಅಮೆರಿಕವು ಭಾರತದ ಸರಕಿನ ಮೇಲೆ ಶೇ. 50ರ ಸುಂಕ ಹೇರಿತು. ತಿರುಪ್ಪೂರಿನ ಹೆಣಿಗೆ ಬಟ್ಟೆಯವರಿಗೆ ಅದು ದೊಡ್ಡ ಪೆಟ್ಟು. ಅಕ್ಟೋಬರ್‌ನ ಒಂದು ದಿನ ಅಂಗಡಿಯಲ್ಲಿ ರಫ್ತಿಗೆಂದು ಹೊಲಿದು ಉಳಿದ ಮಕ್ಕಳ ಬನಿಯನ್ನುಗಳ ಒಂದು ಕಟ್ಟನ್ನು ನೋಡಿದೆ. ನೂಲು ಎಷ್ಟು ಮೃದುವೆಂದರೆ ನನ್ನ ಒರಟು ಬೆರಳಿಗೂ ತಿಳಿಯಿತು. ಬೆಲೆ ಕಡಿಮೆಯಿತ್ತು, ಅಳತೆ ಮಾತ್ರ ಅಲ್ಲಿನ ಮಕ್ಕಳದ್ದು. ಆರು ತಿಂಗಳದ್ದೆಂದು ಬರೆದದ್ದು ನಮ್ಮ ಮಕ್ಕಳಿಗೆ ವರ್ಷಕ್ಕೆ ಸರಿಯಾಗುತ್ತದೆ. ಒಡತಿ ಎರಡೇ ಕಟ್ಟು ತರಿಸಿದ್ದರು. ಇನ್ನೂ ಹತ್ತು ಕಟ್ಟು ಕೊಡುತ್ತೇನೆಂದು ಸಗಟು ವ್ಯಾಪಾರಿ ದಿನವೂ ಫೋನ್ ಮಾಡುತ್ತಿದ್ದಾನಂತೆ. ಅಗ್ಗವೆಂದು ಕೊಂಡದ್ದೇ ಅಟ್ಟ ಸೇರುವುದೆಂದು ಅವರು ಮೂರು ರಟ್ಟಿನ ಪೆಟ್ಟಿಗೆಗಳತ್ತ ಕೈ ತೋರಿಸಿದರು.

ದೂರದ ಸುಂಕಕ್ಕಿಂತ ಹತ್ತಿರದ ಅಡಿಕೆಯೇ ಈ ಅಂಗಡಿಯ ಏರಿಳಿತವನ್ನು ತೀರ್ಮಾನಿಸುತ್ತದೆ. ದೀಪಾವಳಿಯ ಹೊತ್ತಿಗೆ ಕೊಯ್ಲು ಬಿರುಸಾಗಿ, ಸುಲಿದು ಬೇಯಿಸಿ ಒಣಗಿಸಿ, ಮಂಡಿಗೆ ಹೋಗಿ ಕೈಗೆ ಕಾಸು ಬರುವಾಗ ಸಂಕ್ರಾಂತಿ ಕಳೆದಿರುತ್ತದೆ. ಮಗು ಅದಕ್ಕಾಗಿ ಕಾಯುವುದಿಲ್ಲ. ಆಷಾಢದಲ್ಲಿ ಹುಟ್ಟಿದ ಮಗುವಿನ ಸಾಮಾನು ಉದ್ರಿಯಾಗುತ್ತದೆ. ಕೆಲವು ವರ್ಷಗಳಿಂದ ಎಲೆಚುಕ್ಕಿ ರೋಗ ತೀರ್ಥಹಳ್ಳಿ, ಹೊಸನಗರದ ಕಡೆಯ ತೋಟಗಳನ್ನು ಹಿಂಡುತ್ತಿದೆ. ಕೊಳೆರೋಗ ಬಂದರೆ ಬೋರ್ಡೋ ದ್ರಾವಣ ಹೊಡೆದು ಉಳಿಸಿಕೊಳ್ಳುವ ಹಾಗೆ ಇದು ಸುಲಭಕ್ಕೆ ಬಗ್ಗುವುದಿಲ್ಲ. ಧಾರಣೆ ಚೆನ್ನಾಗಿದ್ದರೂ ಫಸಲು ಇಲ್ಲದವನಿಗೆ ಅದು ಪಕ್ಕದ ಮನೆಯ ಸುದ್ದಿ. ಭದ್ರಾವತಿಯ ಕಾಗದ ಕಾರ್ಖಾನೆ ನಿಂತ ಮೇಲೆ ಆ ಕಡೆಯ ಸಂಬಳದ ಗಿರಾಕಿಗಳೂ ತೆಳುವಾದರು. ಈಗ ಈಕೆ ಉದ್ರಿ ಪುಸ್ತಕಕ್ಕೆ ಒಂದು ಕಟ್ಟುಪಾಡು ಮಾಡಿಕೊಂಡಿದ್ದಾರೆ: ಒಂದು ಮಗುವಿಗೆ ಒಂದೇ ಉದ್ರಿ, ಅದೂ ಲಂಗೋಟಿ, ರಬ್ಬರ್ ಶೀಟು, ಸೋಪು ಇಂಥ ಅಗತ್ಯದ್ದಕ್ಕೆ. ಆಟಿಕೆಗೂ ಫ್ಯಾನ್ಸಿ ಬಟ್ಟೆಗೂ ಉದ್ರಿಯಿಲ್ಲ. ಹಳೆಯ ಬಾಕಿಯವರನ್ನು ಗಿರಾಕಿಗಳ ಮುಂದೆ ಕೇಳುವುದಿಲ್ಲ, ಸಂಕ್ರಾಂತಿಯ ಎಳ್ಳುಬೆಲ್ಲ ಕೊಡಲು ಫೋನ್ ಮಾಡುತ್ತಾರಂತೆ. ಫೋನ್ ಬಂದವರಿಗೆ ಅರ್ಥವಾಗುತ್ತದೆ.

ಮಕ್ಕಳೇ ಕಡಿಮೆಯಾಗುತ್ತಿರುವ ಕಾಲದಲ್ಲಿ ಮಕ್ಕಳ ಸಾಮಾನಿನ ಅಂಗಡಿ ನಡೆಸುವುದು ಹೇಗೆ ಎಂದೂ ಒಮ್ಮೆ ಕೇಳಿದ್ದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ ಒಟ್ಟು ಫಲವತ್ತತೆ ದರ, ಅಂದರೆ ಒಬ್ಬ ಹೆಂಗಸಿಗೆ ಸರಾಸರಿ ಹುಟ್ಟುವ ಮಕ್ಕಳ ಲೆಕ್ಕ, 1.7ಕ್ಕೆ ಇಳಿದಿತ್ತು, ಜನಸಂಖ್ಯೆ ಇದ್ದ ಹಾಗೇ ಇರಬೇಕಾದರೆ 2.1 ಬೇಕು. ಅವರಿಗೆ ಅಂಕಿ ಬೇಕಿರಲಿಲ್ಲ, ಎರಡನೆಯ ಮಗುವಿಗೆಂದು ಬರುವವರು ಕಡಿಮೆಯಾದದ್ದು ಗೊತ್ತಿತ್ತು. ಆದರೆ ಬೆಂಗಳೂರಿನಲ್ಲಿ ಎಷ್ಟೇ ಸಂಬಳದ ಕೆಲಸದಲ್ಲಿದ್ದರೂ ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುತ್ತಾಳೆ, ಆಗ ಕೈಚೀಲ ಹಿಡಿದು ಅಂಗಡಿಗೆ ಬರುವುದು ಅಜ್ಜಿ ಅಜ್ಜ. ಅಂಗಡಿಯೊಳಗೆ ಬೆಂಚು ಇಟ್ಟಿರುವುದೂ, ದೊಡ್ಡ ಅಕ್ಷರದಲ್ಲಿ ಬೆಲೆ ಬರೆದಿರುವುದೂ ಅದಕ್ಕಾಗಿಯೇ.

ಇನ್ನು ಚಿಲ್ಲರೆ ದೂರುಗಳು. ವಾಹನ ನಿಲ್ಲಿಸಲು ಜಾಗವಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಾಗಿಲು ಹಾಕುತ್ತಾರೆ, ಹಳ್ಳಿಯಿಂದ ಬಸ್ಸಿನಲ್ಲಿ ಬರುವವರಿಗೆ ಅದೇ ಹೊತ್ತು ಅನುಕೂಲ. ವಾಟ್ಸಾಪಿನಲ್ಲಿ ಕೇಳಿದ ಪ್ರಶ್ನೆಗೆ ಮರುದಿನ ಉತ್ತರ ಬರುತ್ತದೆ, ಫೋನ್ ಮಾಡುವುದೇ ಮೇಲು. ಎಳೆಗೂಸನ್ನು ಎತ್ತಿಕೊಂಡು ಬಂದ ತಾಯಂದಿರಿಗೆ ಹಾಲೂಡಿಸಲು ಒಂದು ಪರದೆಯ ಮೂಲೆಯಿಲ್ಲ. ಮಕ್ಕಳ ಸಾಮಾನಿನ ಅಂಗಡಿಯಲ್ಲಿ ಇದು ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ.

ಡಿಸೆಂಬರ್‌ನಲ್ಲಿ ಮಗಳು ಮಗುವಿನೊಂದಿಗೆ ಬೆಂಗಳೂರಿಗೆ ಹೊರಟ ಮೇಲೆ ತೊಟ್ಟಿಲನ್ನು ಮರಳಿಸಲು ಹೋದೆ. ಒಡತಿ ಅದನ್ನು ಬೆಳಕಿಗೆ ತಿರುಗಿಸಿ, ಎಡಬದಿಯ ಪಟ್ಟಿಯ ಮೇಲಿನ ಮೂರು ಗೀರುಗಳನ್ನು ತೋರಿಸಿ ಠೇವಣಿಯಿಂದ 100 ರೂಪಾಯಿ ಹಿಡಿದರು. ಅದು ಮೊದಲೇ ಇತ್ತು ಎಂದು ನಾನು ವಾದಿಸಿದೆ. ಅವರು ಮಾತಾಡದೆ ಮೊಬೈಲಿನಲ್ಲಿ ತೊಟ್ಟಿಲು ಕೊಟ್ಟ ದಿನ ತೆಗೆದ ಫೋಟೋ ತೋರಿಸಿದರು, ಪಟ್ಟಿ ನುಣ್ಣಗಿತ್ತು. ನಮ್ಮ ಮನೆಯ ಬೆಕ್ಕಿನ ಕೆಲಸವೆಂದು ಒಪ್ಪಿಕೊಂಡು, 1,400 ರೂಪಾಯಿ ಎಣಿಸಿಕೊಂಡು, ರಸೀದಿಗೆ ಸಹಿ ಹಾಕಿದೆ. ನಾನು ಮೆಟ್ಟಿಲಿಳಿಯುವ ಮೊದಲೇ ಹುಡುಗ ಅದರ ಗೂಟಕ್ಕೆ ಸೋಪು ಸವರುತ್ತಿದ್ದ.